ಒಂದೇ ಪೆನ್ಸಿಲಿನ ಆರು ತಾರೀಖು

ಈ ಬರಹದ ಮೊದಲ ಸಾಲಿನಲ್ಲಿ ಒಂದು ತಾರೀಖು ಇತ್ತು. ಹೊಡೆದು ಹಾಕಿದೆ. ಎಪ್ಪತ್ತಾರನೆಯ ಇಸವಿ, ಮಳೆ ಹಿಂದಾದ ಮೇಲಿನ ದಿನಗಳು ಎಂಬಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ದಿನ, ವಾರ ಬರೆದರೆ ಓದುವವರು ತಟ್ಟನೆ ನಂಬಿಬಿಡುತ್ತಾರೆ. ತಾರೀಖು ಕಂಡರೆ ಸಾಕು, ಜನ ನಂಬುತ್ತಾರೆ ಎಂಬುದನ್ನು ನನಗೆ ತೋರಿಸಿಕೊಟ್ಟವನ ಬಗ್ಗೆಯೇ ಇಲ್ಲಿ ಬರೆಯುತ್ತಿರುವುದರಿಂದ ಆ ಆಟವನ್ನು ನಾನು ಆಡಬಾರದು.

ಅವನ ಹೆಸರನ್ನೂ ಬರೆಯುವುದಿಲ್ಲ. ಇದರಲ್ಲಿ ಕಲೆಗಾರಿಕೆಯೇನೂ ಇಲ್ಲ, ಬರೀ ಅಭ್ಯಾಸ. ಇಷ್ಟು ವರ್ಷ ಹೇಳದೆ ಇದ್ದು ಇದ್ದು, ಈಗ ಒಬ್ಬನೇ ಕೂತು ಅಂದುಕೊಳ್ಳಲು ಹೋದರೂ ನಾಲಿಗೆ ಏಳುವುದಿಲ್ಲ.

ಆಗ ನಾನು ನ್ಯಾಮತಿಯಲ್ಲಿ ಪೇಪರ್ ಏಜೆಂಟ್. ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿಗೆ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಕಾಲ. ಬೆಳಿಗ್ಗೆ ಶಿವಮೊಗ್ಗದ ಮೊದಲ ಬಸ್ಸಿನಿಂದ ಪೇಪರ್ ಕಟ್ಟು ಇಳಿಸಿಕೊಂಡು ಮನೆಮನೆಗೆ ಹಾಕುತ್ತಿದ್ದೆ. ಮಧ್ಯಾಹ್ನ ಊರಿನ ಸುದ್ದಿ ಬರೆದು, ಕವರಿಗೆ ಹಾಕಿ, ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಸಣ್ಣ ಪತ್ರಿಕೆಗಳಲ್ಲಿ ಪೇಪರ್ ಹಾಕುವವನೇ ಸುದ್ದಿ ಬರೆಯುವವನೂ ಆಗಿರುತ್ತಿದ್ದ. ಊರಿನವರು ನನ್ನನ್ನು ಕರೆಯುತ್ತಿದ್ದದ್ದು ‘ಪೇಪರ್ನೋರು’ ಎಂದು. ನಾನು ಬರೆದದ್ದು ಅಚ್ಚಾಗಿದೆಯೋ ಇಲ್ಲವೋ ಎಂಬುದಕ್ಕಿಂತ ಪೇಪರ್ ಒದ್ದೆಯಾಗದೆ ಬಂತೋ ಇಲ್ಲವೋ ಎಂಬುದು ಅವರಿಗೆ ಮುಖ್ಯವಾಗಿತ್ತು.

ಅವನು ಮಲೇರಿಯಾ ಕೆಲಸದವನು. ನಮ್ಮ ಕಡೆಯ ಒಂದು ಆರೋಗ್ಯ ಕೇಂದ್ರದಿಂದ ಸೈಕಲ್ಲಿನ ಮೇಲೆ ಊರೂರು ಸುತ್ತುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯ ಮುಂದೆ ನಿಂತು ‘ಯಾರಿಗಾದ್ರೂ ಜ್ವರ ಐತೇನ್ರಿ?’ ಎಂದು ಕೇಳುವುದು ಅವನ ನೌಕರಿ. ಜ್ವರ ಇದ್ದವರ ಬೆರಳಿಗೆ ಸೂಜಿ ಚುಚ್ಚಿ, ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಮರದ ಪೆಟ್ಟಿಗೆಯಲ್ಲಿಟ್ಟು ಕೇಂದ್ರಕ್ಕೆ ಒಯ್ಯುವನು. ಅಲ್ಲಿ ಅದನ್ನು ಪರೀಕ್ಷೆ ಮಾಡಿ ಮಲೇರಿಯಾ ಹೌದೋ ಅಲ್ಲವೋ ಹೇಳಬೇಕು; ಹೌದಾದರೆ ಇವನು ತಿರುಗಿ ಹೋಗಿ ಪೂರ್ತಿ ಮಾತ್ರೆ ನುಂಗಿಸಬೇಕು. ಹೊರಡುವ ಮುಂಚೆ ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲಿದ್ದ ಒಂದು ಚೌಕದೊಳಗೆ ಅವತ್ತಿನ ತಾರೀಖು ಬರೆದು ಸಹಿ ಹಾಕುವನು. ಒಂದು ತುದಿ ನೀಲಿ, ಇನ್ನೊಂದು ತುದಿ ಕೆಂಪು ಇರುವ ಪೆನ್ಸಿಲ್. ಬಂದು ಹೋದದ್ದಕ್ಕೆ ನೀಲಿ, ರಕ್ತ ತೆಗೆದಿದ್ದರೆ ಕೆಂಪು. ಸರ್ಕಾರದ ಕಾಗದಪತ್ರಗಳಲ್ಲಿ ಯಾರು ಬೇಕಾದರೂ ನಿಂತು ಓದಬಹುದಾಗಿದ್ದದ್ದು ಅದೊಂದೇ ಎಂದು ಈಗ ಅನಿಸುತ್ತದೆ. ಬೀಗವಿಲ್ಲ, ಅರ್ಜಿ ಬೇಡ, ಗುಮಾಸ್ತರ ಊಟದ ಹೊತ್ತು ಕಾಯಬೇಕಿಲ್ಲ.

ನಾವು ಮೊದಲು ಮಾತಾಡಿದ್ದು ನಮ್ಮ ಮನೆಯ ಬಾಗಿಲಲ್ಲಿ. ಅಥವಾ ನಾನು ಪೇಪರ್ ಕಟ್ಟು ಬಿಚ್ಚುತ್ತಿದ್ದ ಜಗಲಿಯ ಮೇಲೆ. ಎರಡೂ ಚಿತ್ರಗಳು ನೆನಪಿನಲ್ಲಿವೆ, ಎರಡರಲ್ಲೂ ಅವನು ಸೈಕಲ್ಲನ್ನು ಕಂಬಕ್ಕೆ ಒರಗಿಸುತ್ತಾನೆ, ಒಂದರಲ್ಲಿ ಮಾತ್ರ ಸೈಕಲ್ ಬೀಳುತ್ತದೆ. ಬಿದ್ದದ್ದು ನಿಜವಾಗಿರಲಾರದು, ಪೆಟ್ಟಿಗೆಯೊಳಗೆ ಗಾಜುಗಳಿರುತ್ತಿದ್ದವು, ಅವನು ಬೀಳಗೊಡುತ್ತಿರಲಿಲ್ಲ. ಆದರೂ ಆ ಚಿತ್ರವೇ ಮುಂದೆ ಬಂದು ನಿಲ್ಲುತ್ತದೆ. ಅವ್ವ ಒಳಗಿನಿಂದ ಹೇಳಿದ ಮಾತಂತೂ ನಿಜ.

“ಜ್ವರ ಇರೋರ ಮನೀಗೇ ಬರಬೇಕು ಅಂತ ಕಾನೂನು ಐತೇನಪ್ಪಾ? ಕುಂತ್ಕ. ಮಜ್ಜಿಗಿ ಕುಡಿ.”

ಅಂದಿನಿಂದ ಅವನು ಕುಳಿತ. ಹಾದಿಯಲ್ಲಿ ನ್ಯಾಮತಿ ಸಿಕ್ಕಾಗೆಲ್ಲ ಜಗಲಿಯ ಮೇಲೆ ಕುಳಿತು, ಮಾರಾಟವಾಗದೆ ಉಳಿದ ಪೇಪರನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದ. ಹಿಂದಿನ ಪುಟದಲ್ಲಿ ಕಡಿಮೆ ಸುಳ್ಳಿರುತ್ತದೆ ಎಂದು ಅವನ ವಾದ.

“ಮೊದಲ್ನೇ ಪುಟ ನೋಡು, ಎಲ್ರೂ ಕೆಲಸ ಮಾಡ್ತಾ ಅವ್ರೆ, ಎಲ್ರೂ ಸುಖವಾಗವ್ರೆ. ಇಂಥಾ ದೇಶದಾಗೆ ನನಗ್ಯಾಕೆ ಸೈಕಲ್ ಕೊಟ್ರೋ ಏನೋ.”

ತುರ್ತು ಪರಿಸ್ಥಿತಿಯ ದಿನಗಳು. ಅಂಥ ಮಾತನ್ನು ಅವನು ಏಕವಚನದಲ್ಲಿ, ನನ್ನ ಒಬ್ಬನ ಹತ್ತಿರ ಮಾತ್ರ ಆಡುತ್ತಿದ್ದ. ಯಾರಾದರೂ ಬಂದರೆ ತಕ್ಷಣ ‘ಏನ್ರೀ, ಹೆಂಗಿದೀರಿ’ ಎಂದು ಬಹುವಚನಕ್ಕೆ ಹಾರುತ್ತಿದ್ದ. ನಮ್ಮಿಬ್ಬರ ಸ್ನೇಹ ಎಷ್ಟಿತ್ತೋ ಅಷ್ಟೂ ಆ ಏಕವಚನದಲ್ಲಿತ್ತು.

ಬರೆಯಲು ಕಾಗದಕ್ಕೆ ಪರದಾಟ. ಪತ್ರಿಕೆಯಿಂದ ಬರುತ್ತಿದ್ದ ತುಂಡು ಕಾಗದ ನಿಂತುಹೋಗಿತ್ತು. ಮದುವೆ ಪತ್ರಿಕೆಯ ಬೆನ್ನು, ಕ್ಯಾಲೆಂಡರಿನ ಬೆನ್ನು, ಎಲ್ಲದರ ಬೆನ್ನ ಮೇಲೂ ನಾನು ಬರೆದಿದ್ದೇನೆ. ಒಂದು ದಿನ ಅವನು ಒಂದು ಕಟ್ಟು ಫಾರಂ ತಂದು ಜಗಲಿಯ ಮೇಲಿಟ್ಟ. ಜ್ವರ ಬಂದವರ ಪಟ್ಟಿ ಮಾಡುವ ಫಾರಂ. ಒಂದು ಕಡೆ ಗೆರೆ ಎಳೆದದ್ದು, ಇನ್ನೊಂದು ಕಡೆ ಖಾಲಿ.

“ಇವು ಬ್ಯಾಡವಾ ನಿನಗೆ?”

“ನಮ್ಮ ಸಾಹೇಬ್ರು ಜ್ವರಾನೇ ಇಲ್ಲ ಅಂದ್ಮ್ಯಾಲೆ ಫಾರಂ ಯಾತಕ್ಕೆ? ನೀನಾದ್ರೂ ಏನಾದ್ರೂ ತುಂಬು.”

ನಕ್ಕೆವು. ನಾನು ತುಂಬಿದೆ. ನ್ಯಾಮತಿಯ ಸಂತೆ, ಶಾಲೆಯ ವಾರ್ಷಿಕೋತ್ಸವ, ಕಾಲುವೆ ಒಡೆದದ್ದು, ಎಲ್ಲವನ್ನೂ ಆ ಫಾರಂಗಳ ಬೆನ್ನ ಮೇಲೆ ಬರೆದು ಕಳಿಸಿದೆ. ಮುಂಭಾಗವನ್ನು ತಿರುಗಿಸಿ ನೋಡಿದ ನೆನಪೇ ಇಲ್ಲ. ಬರೆಯುವವನಿಗೆ ಕಾಗದ ಎಂದರೆ ಖಾಲಿ ಇರುವ ಕಡೆ ಮಾತ್ರ.

‘ಜ್ವರ ಇಲ್ಲ’ ಎಂಬುದು ಹಾಸ್ಯವಲ್ಲ ಎಂದು ತಿಳಿದದ್ದು ಕೆಲವು ವಾರಗಳ ಮೇಲೆ. ಅವನು ನನ್ನನ್ನು ಸವಳಂಗದ ಕಡೆಗೆ ಕರೆದುಕೊಂಡು ಹೋದ. ಎರಡು ಸೈಕಲ್, ಇಳಿಬಿಸಿಲು. ಒಂದು ಹಳ್ಳಿಯ ಕೊನೆಯ ಸಾಲಿನಲ್ಲಿ ಒಂದು ಮನೆಯ ಮುಂದೆ ನಿಲ್ಲಿಸಿ ಗೋಡೆ ತೋರಿಸಿದ.

“ಓದು.”

ಚೌಕದಲ್ಲಿ ಆರು ನೀಲಿ ತಾರೀಖುಗಳು. ಹದಿನೈದು ದಿನಕ್ಕೊಂದರಂತೆ, ತಪ್ಪದೆ. ಆರಕ್ಕೂ ಅವನ ಸಹಿ. ಏಳರ ಅಂಕಿಯ ಹೊಟ್ಟೆಗೆ ಅಡ್ಡಗೆರೆ ಎಳೆಯುವುದು ಅವನ ರೂಢಿ, ಅದೂ ಇತ್ತು.

“ಸರಿಯಾಗಿ ಬಂದೀಯಲ್ಲ.”

“ಹತ್ರ ಬಂದು ನೋಡು. ಪೆನ್ಸಿಲ್ ಮೊನೆ ನೋಡು. ಮೊದಲ್ನೇದು ಚೂಪು, ಆರನೇದು ಮೊಂಡು. ಮೂರು ತಿಂಗ್ಳದ್ದು ಒಂದೇ ನಿಮಿಷದಾಗೆ ಬರ್ದಿದ್ದು ಕಣೋ. ಮೂರು ತಿಂಗ್ಳು ನಾನು ಈ ಊರಿಗೇ ಬಂದಿಲ್ಲ.”

ಅವನನ್ನೂ ಅವನ ಜೊತೆಯ ಮೂವರನ್ನೂ ಜ್ವರದ ಕೆಲಸ ಬಿಡಿಸಿ, ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಗಂಡಸರನ್ನು ಹಿಡಿದು ತರಲು ಕಳಿಸಿದ್ದರು. ಆ ದಿನಗಳಲ್ಲಿ ಎಲ್ಲ ಇಲಾಖೆಯವರಿಗೂ ಅದೇ ಕೆಲಸ. ಆದರೆ ಗೋಡೆ ಖಾಲಿ ಇರಬಾರದು. ಮೇಲಿನವರು ಯಾವಾಗ ಬೇಕಾದರೂ ಬಂದು ಗೋಡೆ ನೋಡಬಹುದು. ಆದ್ದರಿಂದ ಬಿಡುವಾದ ಒಂದು ದಿನ ಹೋಗಿ ಆರು ಸಲದ್ದನ್ನು ಒಟ್ಟಿಗೆ ಬರೆದು ಬನ್ನಿ ಎಂದು ಅಪ್ಪಣೆ. ಅದಕ್ಕೂ ಮೊದಲು ತೆಗೆದಿದ್ದ ರಕ್ತದ ಗಾಜುಗಳು ಕೇಂದ್ರದ ಕಪಾಟಿನಲ್ಲಿ ಹಾಗೇ ಬಿದ್ದಿದ್ದವು. ಯಾರೂ ನೋಡದೆಯೇ ‘ಮಲೇರಿಯಾ ಇಲ್ಲ’ ಎಂದು ವರದಿ ಹೋಗಿತ್ತು.

ಮನೆಯ ಒಳಗೆ ಕಂಬಳಿ ಹೊದ್ದು ಯಾರೋ ನಡುಗುತ್ತಿದ್ದರು. ಯಾರು, ಹೆಂಗಸೋ ಗಂಡಸೋ, ನಾನು ನೋಡಲಿಲ್ಲ. ಮಂಚದ ಕಾಲು ನೆಲಕ್ಕೆ ಬಡಿಯುವ ಸದ್ದು ಮಾತ್ರ ಕೇಳಿತು. ಆ ಸದ್ದನ್ನು ನಾನು ಆಮೇಲೆ ಸೇರಿಸಿದ್ದೇ ಎಂದು ಬಹಳ ಸಲ ಪರೀಕ್ಷಿಸಿದ್ದೇನೆ. ಇಲ್ಲ, ಅದು ಇತ್ತು.

“ಬರೀತೀಯಾ?” ಎಂದು ಅವನು ಕೇಳಿದ.

“ಬರೀತೀನಿ.”

“ನಾನು ಅಂತ ತಿಳೀಬಾರ್ದು. ಕೆಲಸ ಕಾಯಂ ಆಗಿ ವರ್ಷ ಆಗಿಲ್ಲ. ಸಾಸ್ವೆಹಳ್ಳಿಯಾಗೆ ನಮ್ಮವ್ವ, ಇಬ್ರು ತಂಗೇರು. ಇದೊಂದೇ ಸಂಬ್ಳ.”

“ತಿಳಿಯಲ್ಲ.”

“ಸಾಯೋ ತನಕ?”

“ಸಾಯೋ ತನಕ.”

ಮಾತು ಕೊಟ್ಟೆ. ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳಲು ನಾನು ತೋರಿದ ಜಾಣತನವನ್ನು ನೆನೆದರೆ ಈಗ ನಗು ಬರುತ್ತದೆ. ಅವನು ಹೇಳಿದ್ದನ್ನು ಅವನ ಬಾಯಿಂದ ಎಂದು ಬರೆಯಬಾರದಲ್ಲ. ಅದಕ್ಕೆ ಒಂದು ವಾರ ಸವಳಂಗದ ಆಸುಪಾಸಿನ ಹಳ್ಳಿಗಳಲ್ಲಿ ಗೋಡೆ ಓದುತ್ತಾ ತಿರುಗಿದೆ. ಅವನದಷ್ಟೇ ಅಲ್ಲ, ಉಳಿದ ಮೂವರು ಬರೆದ ಗೋಡೆಗಳನ್ನೂ ಓದಿದೆ. ಅಲ್ಲೂ ಅದೇ ಕಥೆ: ಒಂದೇ ಮೊನೆ, ಒಂದೇ ಓರೆ. ಮನೆಯವರನ್ನು ಕೇಳಿದರೆ “ಮಲೇರಿಯಾದೋರಾ? ಮಳೆಗಾಲಕ್ಕೆ ಮುಂಚೆ ಬಂದಿದ್ರು ನೋಡ್ರಿ” ಎನ್ನುತ್ತಿದ್ದರು. ಹೀಗೆ, ಯಾರೂ ಹೇಳದಿದ್ದರೂ ಯಾವ ಪೇಪರಿನವನಾದರೂ ತಾನಾಗಿ ಕಂಡುಕೊಳ್ಳಬಹುದಾದ ಸಂಗತಿಯಂತೆ ಅದನ್ನು ಕಟ್ಟಿದೆ. ಯಾರ ಹೆಸರೂ ಇಲ್ಲ, ‘ತಿಳಿದು ಬಂದಿದೆ’ ಕೂಡ ಇಲ್ಲ. ಗೋಡೆಯಲ್ಲಿ ಏನಿದೆ, ಮನೆಯವರು ಏನಂದರು, ಅಷ್ಟೇ. ಐದು ಹಾಳೆಯಾಯಿತು. ಕವರಿಗೆ ಹಾಕಿ ಕಂಡಕ್ಟರಿಗೆ ಕೊಟ್ಟೆ.

ಸಂಪಾದಕರು ಗಟ್ಟಿ ಮನುಷ್ಯ. ಪತ್ರಿಕೆಯ ಮಾಲೀಕರೂ ಅವರೇ, ಒಮ್ಮೊಮ್ಮೆ ಅಚ್ಚಿನ ಮೊಳೆ ಜೋಡಿಸುವವರೂ ಅವರೇ. ಆಪರೇಷನ್ನಿನ ಸಾಲುಗಳನ್ನು ಹೊಡೆದು ಹಾಕಿದರು. ಉಳಿದದ್ದನ್ನು ಹಾಕಿದರು. ಆಮೇಲೆ ಭೇಟಿಯಾದಾಗ ಹೇಳಿದರು:

“ಸರ್ಕಾರದ ಮೇಲೆ ಬರೆಯಾಕೆ ಅಪ್ಪಣೆ ಬೇಕು. ಸೊಳ್ಳೆ ಮೇಲೆ ಬರೆಯಾಕೆ ಯಾರ ಅಪ್ಪಣೆ ಬೇಕ್ರೀ?”

ಸುದ್ದಿ ಒಳಪುಟದಲ್ಲಿ ಬಂತು. ಎರಡೇ ದಿನಕ್ಕೆ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಪ್ರೆಸ್ಸಿಗೆ ಬಂದರು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಸಂಪಾದಕರು ಹೇಳಿದ್ದು, ಒಂದೊಂದು ಸಲ ಒಂದೊಂದು ರೀತಿ. ಎಲ್ಲ ರೀತಿಗಳಲ್ಲೂ ಒಂದೇ ಆಗಿ ಉಳಿಯುವುದು ಇಷ್ಟು. ಯಾರು ಹೇಳಿದರು ಎಂದು ಅಧಿಕಾರಿ ಕೇಳಿದರು. ಸಂಪಾದಕರು ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಒಂದು ರೂಢಿಯಿತ್ತು: ವರದಿಗಾರರು ಕೈಯಲ್ಲಿ ಬರೆದು ಕಳಿಸಿದ ಹಾಳೆಗಳನ್ನು ಒಂದು ಮೊನಚು ತಂತಿಗೆ ಚುಚ್ಚಿ ತಿಂಗಳುಗಟ್ಟಲೆ ಇಡುತ್ತಿದ್ದರು. ಯಾರಾದರೂ ತಕರಾರು ತಂದರೆ ಅಚ್ಚಿನವರ ತಪ್ಪೋ ಬರೆದವನ ತಪ್ಪೋ ತೋರಿಸಲು ಬೇಕಲ್ಲ. ಸಂಪಾದಕರು ಹೆಮ್ಮೆಯಿಂದ ಆ ಐದು ಹಾಳೆಗಳನ್ನು ತಂತಿಯಿಂದ ಕಳಚಿ ಮೇಜಿನ ಮೇಲೆ ಹರಡಿದರು.

“ಓದಿ ನೋಡ್ರಿ ಸ್ವಾಮಿ. ಎಲ್ಲಾದರೂ ಒಂದು ಹೆಸರು ಐತೇನು? ನಮ್ಮ ವರದಿಗಾರ ಗೋಡೆ ಓದಿ ಬರೆದಿದ್ದು.”

ಅಧಿಕಾರಿ ಓದಿದರು. ಹೊಡೆದು ಹಾಕಿದ್ದ ಸಾಲುಗಳನ್ನೂ ಓದಿದರು. ಕೊನೆಗೆ ಒಂದು ಹಾಳೆಯನ್ನು ತಿರುವಿ ಹಾಕಿದರು. ಗೆರೆ ಎಳೆದ ಫಾರಂ. ನೆತ್ತಿಯ ಮೇಲೆ ಆರೋಗ್ಯ ಕೇಂದ್ರದ ರಬ್ಬರ್ ಮೊಹರು.

“ಇದು ಯಾವ ಗೋಡೆ?” ಎಂದು ಕೇಳಿದರಂತೆ.

ಒಂದು ವಾರ ಹಳ್ಳಿ ಸುತ್ತಿ, ಒಂದೊಂದು ಸಾಲನ್ನೂ ತೊಳೆದು ಬರೆದವನು ಕಾಗದದ ಇನ್ನೊಂದು ಮಗ್ಗುಲು ನೋಡಿರಲಿಲ್ಲ.

ಮೊಹರಿದ್ದ ಫಾರಂ ಆ ಕೇಂದ್ರದ ನಾಲ್ವರ ಹತ್ತಿರವೂ ಇರುತ್ತಿತ್ತು. ಅಂದರೆ ಸುದ್ದಿ ಎಲ್ಲಿಂದ ಬಂತು ಎಂದು ತಿಳಿಯಿತು, ಯಾರಿಂದ ಎಂದು ತಿಳಿಯಲಿಲ್ಲ. ಮಾತು ಅರ್ಧ ಮುರಿದಿತ್ತು. ಉಳಿದರ್ಧ ನನ್ನ ಬಾಯಲ್ಲಿತ್ತು.

ಮರುದಿನವೋ ಅದರ ಮರುದಿನವೋ ಅವನು ನಮ್ಮ ಬೀದಿಗೆ ಬಂದ. ಸುದ್ದಿ ಬಂದದ್ದೇ ಜ್ವರದ ಸುತ್ತು ಮತ್ತೆ ಶುರುವಾಗಿತ್ತು, ಅವತ್ತು ಅವನ ಸುತ್ತಿನ ದಿನವೇ. ಪಕ್ಕದ ಮನೆಗಳಲ್ಲಿ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

“ಯಾರಿಗಾದ್ರೂ ಜ್ವರ ಐತೇನ್ರಿ?”

ಅವನ ಮುಖ ನೋಡಿದೆ. “ಐತೆ” ಎಂದೆ. ನನಗೆ ಜ್ವರವಿರಲಿಲ್ಲ.

ಜಗಲಿಯ ಮೇಲೆ ಕೂರಿಸಿ ನನ್ನ ಬೆರಳು ಹಿಡಿದ. ಸ್ಪಿರಿಟ್ಟಿನ ಹತ್ತಿ ಒರೆಸಿ, ಸೂಜಿ ಚುಚ್ಚಿ, ರಕ್ತ ಬರಲೆಂದು ಹಿಸುಕುತ್ತಾ ತಲೆ ಬಗ್ಗಿಸಿ ಮೆಲ್ಲಗೆ ಮಾತಾಡಿದ.

“ಇನ್ನು ಮ್ಯಾಲೆ ನಾನು ನಿನಗೆ ಗೊತ್ತಿಲ್ಲ. ಎದುರಿಗೆ ಬಂದ್ರೂ ಕೈ ಎತ್ತಬ್ಯಾಡ. ನಾನೇ ಬಂದು ಮಾತಾಡ್ಸೋ ತನಕ ನೀನು ಮಾತಾಡಿಸ್ಬ್ಯಾಡ.”

“ಎಷ್ಟು ದಿನ?”

“ಅವರಿಗೆ ಮರ್ತು ಹೋಗೋ ತನಕ.”

“ಅವರಿಗೆ ಮರೆಯಲ್ಲ.”

“ಹಂಗಾದ್ರೆ ನಮಗೆ ಮರ್ತು ಹೋಗೋ ತನಕ.” ಹನಿ ರಕ್ತವನ್ನು ಗಾಜಿಗೆ ಸವರಿದ. “ಫಾರಂ ಹಿಂದೆ ಬರೆಯೋದಾ, ಬುದ್ಧಿವಂತ? ಮುಂದೆ ತಿರುಗ್ಸಿ ನೋಡಬಾರ್ದಾ?”

ನಾನು ಏನು ಹೇಳಿದೆ? ಇಲ್ಲೊಂದು ಒಳ್ಳೆಯ ಉತ್ತರ ಬರೆಯಬಹುದು. ಬೆರಳಿಗೆ ಹತ್ತಿ ಒತ್ತಿಕೊಂಡೆ, ಅಷ್ಟೇ. ಅವನು ಎದ್ದು, ಪೆನ್ಸಿಲನ್ನು ತಿರುಗಿಸಿ, ನಮ್ಮ ಗೋಡೆಯ ಚೌಕದಲ್ಲಿ ಕೆಂಪು ತಾರೀಖು ಹಾಕಿದ. “ರಿಸಲ್ಟ್ ಬಂದ್ರೆ ಹೇಳ್ತೀವ್ರಿ” ಎಂದು ಗಟ್ಟಿಯಾಗಿ ಬಹುವಚನದಲ್ಲಿ ಹೇಳಿ ಸೈಕಲ್ ಹತ್ತಿದ.

ಹೊನ್ನಾಳಿಯ ಪ್ರವಾಸಿ ಮಂದಿರಕ್ಕೆ ನನ್ನನ್ನು ಕರೆಸಿದರು. ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ನಾಲ್ವರೂ ಕುಳಿತಿದ್ದರು. ಅವನು ಎರಡನೆಯವನೋ ಮೂರನೆಯವನೋ ಗೊತ್ತಿಲ್ಲ, ಏಕೆಂದರೆ ನೋಡಲಿಲ್ಲ. ನಾಲ್ಕು ಜೊತೆ ಚಪ್ಪಲಿ ನೋಡಿದೆ.

“ಫಾರಂ ಎಲ್ಲಿ ಸಿಕ್ಕಿತು?” ಎಂದು ಅಧಿಕಾರಿ ಕೇಳಿದರು.

“ಸಂತೆಯಲ್ಲಿ ಸಾರ್. ರದ್ದಿ ಕಾಗದ. ಬೆಲ್ಲ ಕಟ್ಟಿ ಕೊಟ್ಟಿದ್ದರು.”

ಅವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. “ಎಲ್ಲೂ ಅಂಟಿಲ್ಲವಲ್ಲ. ಬಹಳ ಒಳ್ಳೆಯ ಬೆಲ್ಲ.”

ಪಕ್ಕದಲ್ಲಿದ್ದ ಗುಮಾಸ್ತ ನಕ್ಕ. ಅಧಿಕಾರಿ ನಗಲಿಲ್ಲ.

“ನೋಡಿ, ಹೊರಗೆ ನಾಲ್ಕು ಜನ ಇದ್ದಾರೆ. ಹೆಸರು ಹೇಳುವುದೂ ಬೇಡ. ಒಬ್ಬನ ಕಡೆ ನೋಡಿದರೆ ಸಾಕು. ಮೂವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಹೇಳದಿದ್ದರೆ ನಾಲ್ವರನ್ನೂ ಕಳಿಸುತ್ತೇನೆ, ನಾಲ್ಕು ದಿಕ್ಕಿಗೆ.”

“ಬೆಲ್ಲದ ಅಂಗಡಿಯವನ ಹೆಸರು ಗೊತ್ತಿಲ್ಲ ಸಾರ್” ಎಂದೆ.

ಇದನ್ನು ನಾನು ಧೈರ್ಯ ಎಂದು ಬಹಳ ಕಾಲ ಎಣಿಸಿಕೊಂಡಿದ್ದೆ. ನಾಲ್ವರಿಗೂ ವರ್ಗವಾಯಿತು. ಒಬ್ಬ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಗೆ. ಇನ್ನಿಬ್ಬರು ಘಟ್ಟದ ಕಡೆಗೆ. ಅವನು ಜಿಲ್ಲೆ ದಾಟಿ ಜಗಳೂರಿಗೆ. ಸವಳಂಗದ ಸುತ್ತ ಮಾತ್ರೆ ಬಂದವು, ಔಷಧ ಹೊಡೆದರು, ಕಪಾಟಿನ ಗಾಜುಗಳನ್ನು ಪರೀಕ್ಷೆಗೆ ಕಳಿಸಿದರು ಎಂದೂ ಕೇಳಿದೆ. ಅದರ ಜೊತೆಗೆ ಇನ್ನೊಂದು ಕೆಲಸವೂ ನಡೆಯಿತು: ಆ ಹಳ್ಳಿಗಳಲ್ಲಿ ಚೌಕಗಳ ಮೇಲೆ ಸುಣ್ಣ ಬಳಿದರು. ಆರು ತಾರೀಖುಗಳು ಹೋದವು. ನಾನು ಓದಿದ್ದೆ ಎಂಬುದಕ್ಕೆ ನಾನು ಬರೆದದ್ದು ಬಿಟ್ಟರೆ ಏನೂ ಉಳಿಯಲಿಲ್ಲ. ಅಂದಿನಿಂದ ತಾಲ್ಲೂಕು ಕಚೇರಿಯಲ್ಲಿ ಮಳೆ ಎಷ್ಟು ಬಿತ್ತೆಂದು ಕೇಳಲು ಹೋದರೂ “ಗೋಡೆ ಮ್ಯಾಲೆ ಬರ್ದಿದ್ರೆ ಓದ್ಕಳ್ರಿ” ಎಂದು ಕಳಿಸುತ್ತಿದ್ದರು.

ಎಂಬತ್ತರ ಸುಮಾರಿಗೆ ಒಮ್ಮೆ ಚನ್ನಗಿರಿ ಬಸ್ ನಿಲ್ದಾಣದಲ್ಲಿ ಒಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟರು. ಕೆರೆಬಿಳಚಿಗೆ ಹೋದ ಆ ಮಲೇರಿಯಾದವರು. ಬೆಂಚಿನ ಮೇಲಿದ್ದ ನಾಲ್ವರಲ್ಲಿ ಅವರೂ ಒಬ್ಬರು. ಚಹಾ ಕೊಡಿಸಿದರು.

“ನಾನು ಸಿಟ್ಟಾಗಿಲ್ರೀ. ಒಂದು ಮಾತು ಕೇಳ್ತೀನಿ, ಹೇಳಿ. ಆ ವರ್ಷ ನಮ್ಮ ಹುಡುಗಿ ಏಳನೇ ಕ್ಲಾಸು. ನಡುವೆ ಸ್ಕೂಲು ಬಿಡಿಸ್ಕಂಡು ಬಂದೆ. ಆಮ್ಯಾಲೆ ಅವಳು ಓದಲೇ ಇಲ್ಲ. ಯಾರ ಸಲುವಾಗಿ ಅಂತ ನನಗೆ ತಿಳೀಬ್ಯಾಡ್ವಾ?”

ನಾನು ಲೋಟ ನೋಡುತ್ತಿದ್ದೆ.

“ನಮ್ಮೊಳಗಿನ ಆ ಹಿರೇರೇ ಇರ್ಬೇಕು. ಅವರ ಬಾಯಿ ಮೊದ್ಲಿಂದ್ಲೂ ಹಂಗೇ. ಅವರಲ್ಲ ಅಂದ್ರೆ ಅಲ್ಲ ಅನ್ರಿ, ಸಾಕು.”

ಅವರಲ್ಲ. ಹಾಗೆಂದು ಹೇಳಿದರೆ ನಾಲ್ವರು ಮೂವರಾಗುತ್ತಾರೆ. ಈ ಮನುಷ್ಯ ತಾನಲ್ಲವೆಂದು ತನಗೆ ಗೊತ್ತಿರುವುದರಿಂದ ಇಬ್ಬರಾಗುತ್ತಾರೆ. ಆಮೇಲೆ ‘ಹಂಗಾದ್ರೆ ಇವನಾ?’ ಎಂದು ಇನ್ನೊಂದು ಹೆಸರು ಕೇಳುತ್ತಾರೆ. ಆದ್ದರಿಂದ ಏನೂ ತಪ್ಪು ಮಾಡದ ಒಬ್ಬ ಹಿರಿಯರ ಮೇಲೆ ಬಿದ್ದ ಅನುಮಾನವನ್ನು ಒರೆಸದೆ ಹಾಗೇ ಬಿಟ್ಟೆ. ಮೂವರ ಬದುಕು ಕದಲಿಸಿ ಒಬ್ಬನನ್ನು ಕಾಪಾಡಿದ್ದೆ, ಅವನನ್ನೂ ಪೂರ್ತಿಯಾಗಿ ಅಲ್ಲ.

“ಬೆಲ್ಲದ ಅಂಗಡಿ” ಎಂದೆ.

“ನೀವು ಮನುಷ್ಯರಲ್ರೀ” ಎಂದು ಅವರು ಎದ್ದರು. ಸಿಟ್ಟಿನಿಂದಲ್ಲ, ಬಸ್ ಬಂದಿತ್ತು.

ಆ ವರ್ಷಗಳಲ್ಲಿ ಅವನ ನೆನಪು ಹೇಗೆ ಬರುತ್ತಿತ್ತು ಎಂದರೆ, ಏನಾದರೂ ನಗುವಂಥದ್ದು ಪೇಪರಿನಲ್ಲಿ ಬಂದಾಗ. ತುರ್ತು ಪರಿಸ್ಥಿತಿ ಹೋಯಿತು, ಸರ್ಕಾರಗಳು ಹೋದವು, ಬಂದವು. ಹಿಂದಿನ ಪುಟ ತೆರೆದು ‘ಇದು ಕೇಳು’ ಎನ್ನಲು ಜಗಲಿಯ ಮೇಲೆ ಯಾರೂ ಇರುತ್ತಿರಲಿಲ್ಲ. ಉಳಿದ ಪೇಪರಿನಲ್ಲಿ ಒಂದನ್ನು ಸುಮ್ಮನೆ ತೆಗೆದಿಡುತ್ತಿದ್ದೆ. ಕಾಗದ ಬರೆಯುವಂತಿರಲಿಲ್ಲ, ನನ್ನ ಅಕ್ಷರ ಇಲಾಖೆಗೆ ಪರಿಚಯವಾಗಿತ್ತು. ಯುಗಾದಿಗೆ ಸುಣ್ಣ ಬಳಿಯುವಾಗ ಅವ್ವ ಪ್ರತಿ ವರ್ಷ ಅನ್ನುವಳು, “ಇದೊಂದು ಚೌಕ ಬಿಟ್ರೆ ಗೋಡೆ ಹೆಂಗೆ ಕಾಣ್ತೈತಿ ನೋಡು, ಹರ್ಕು ಅಂಗಿಗೆ ತ್ಯಾಪೆ ಹಾಕ್ದಂಗೆ.” ಆದರೂ ಆ ಚೌಕಕ್ಕೆ ಸುಣ್ಣ ಬಳಿಯದೆ ಹಾಗೇ ಬಿಡಿಸುತ್ತಿದ್ದೆ. ಸುತ್ತ ಬಿಳುಪೇರುತ್ತಾ ಹೋದಂತೆ ಚೌಕ ಹಳದಿಯಾಗುತ್ತಾ ಹೋಯಿತು. ಕೆಂಪು ತಾರೀಖು ಕಂದಾಯಿತು. ಜ್ವರವಿಲ್ಲದವನ ರಕ್ತಕ್ಕೆ ಹಾಕಿದ ತಾರೀಖು. ಆದರೂ ಅವನು ಅವತ್ತು ಅಲ್ಲಿಗೆ ಬಂದಿದ್ದಂತೂ ನಿಜ.

ಎಂಬತ್ತನಾಲ್ಕರಲ್ಲೋ ಎಂಬತ್ತೈದರಲ್ಲೋ ಒಂದು ಮದುವೆಗೆ ಜಗಳೂರಿಗೆ ಹೋದೆ. ನಮ್ಮ ಕಡೆಯ ಹಸಿರಿಲ್ಲ ಅಲ್ಲಿ. ಕಲ್ಲು, ಕೆಂಪು ಬಯಲು, ದೂರದವರೆಗೆ ಕಾಣುವ ರಸ್ತೆ. ಊಟವಾದ ಮೇಲೆ ಬಸ್ಸಿಗೆ ಹೊತ್ತಿತ್ತು. ಊರಾಚೆಯ ಒಂದು ಬೀದಿಯಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಸುಮ್ಮನೆ ಎಂದು ಬರೆದದ್ದು ಸುಳ್ಳು. ಬಾಗಿಲುಗಳ ಪಕ್ಕ ನೋಡುತ್ತಾ ನಡೆಯುತ್ತಿದ್ದೆ.

ಏಳರ ಹೊಟ್ಟೆಗೆ ಅಡ್ಡಗೆರೆ. ಅವನದೇ.

ಚೌಕದಲ್ಲಿ ಹತ್ತು ಹನ್ನೆರಡು ತಾರೀಖು. ನನಗಿದ್ದ ಅಭ್ಯಾಸದಿಂದ ಮೊನೆ ನೋಡಿದೆ. ಒಂದು ಚೂಪು, ಒಂದು ಮೊಂಡು, ಒಂದು ಇನ್ನೂ ಚೂಪು. ಒಂದು ಓರೆ, ಸೈಕಲ್ ಮೇಲಿಂದ ಇಳಿಯದೆಯೇ ಬರೆದಂತೆ. ಒಂದರ ಮೇಲೆ ಮಳೆ ಹನಿ ಬಿದ್ದು ನೀಲಿ ಕೆಳಗಿಳಿದಿತ್ತು. ಒಂದೊಂದು ತಾರೀಖಿಗೂ ಒಂದೊಂದು ದಿನ ಬಂದಿದ್ದಾನೆ. ಆ ಗೋಡೆಯ ಮುಂದೆ ನಾನು ನಿಂತ ಹೊತ್ತನ್ನು ಕಂಡು ಮನೆಯಾಕೆ ಹೊರಗೆ ಬಂದು “ಯಾರು ಬೇಕಾಗಿತ್ರೀ?” ಎಂದು ಕೇಳಿದಳು. ಯಾರೂ ಬೇಡ ಎಂದೆ.

ಕೊನೆಯ ತಾರೀಖಿಗೆ ಹದಿನೈದು ದಿನ ಕೂಡಿಸಿದೆ. ಆ ದಿನ ಮತ್ತೆ ಜಗಳೂರಿಗೆ ಹೋದೆ, ಈ ಸಲ ಯಾರ ಮದುವೆಯೂ ಇರಲಿಲ್ಲ. ನಾನಾಗಿ ಮಾತಾಡಿಸುವಂತಿಲ್ಲ. ಕಣ್ಣಿಗೆ ಬೀಳಬಹುದು. ಅವನೇ ಮಾತಾಡಿಸಿದರೆ ಅವಧಿ ಮುಗಿದಂತೆ. ಅಷ್ಟು ವರ್ಷಗಳಾದ ಮೇಲೆ ಯಾರಿಗೆ ನೆನಪಿರುತ್ತದೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತನ್ನು ಸರಿಮಾಡಿಕೊಳ್ಳುತ್ತಿದ್ದೆ. ‘ನನ್ನ ರಕ್ತದ ರಿಸಲ್ಟು ಇನ್ನೂ ಬಂದಿಲ್ಲ ಕಣೋ.’ ಅವನು ನಗುತ್ತಾನೆ. ಆಮೇಲೆ ಏಕವಚನದಲ್ಲಿ ಬೈಯುತ್ತಾನೆ. ಅದು ಸಾಕಿತ್ತು.

ಆ ಮನೆಯ ಎದುರು ಚಹಾದಂಗಡಿ. ಬೆಂಚಿನ ಮೇಲೆ ಅವತ್ತಿನ ಪೇಪರ್ ಹಿಡಿದು ಕುಳಿತೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಸೈಕಲ್ ಬಂತು. ಅವನು. ಮುಂಗೂದಲು ಹೋಗಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿದ, ಬೀಳಲಿಲ್ಲ.

ಅವನ ಹಿಂದೆ ಇನ್ನೊಂದು ಸೈಕಲ್. ಇಳಿದವರನ್ನು ಕಂಡು ನಾನು ಪೇಪರ್ ಎತ್ತಿಕೊಂಡೆ, ತಡವಾಗಿತ್ತು. ಕೆರೆಬಿಳಚಿಯವರು. ಚನ್ನಗಿರಿಯಲ್ಲಿ ಚಹಾ ಕೊಡಿಸಿದವರು. ಬಡ್ತಿ ಸಿಕ್ಕಿ ಮೇಲ್ವಿಚಾರಕರಾಗಿ, ಕೆಳಗಿನವರು ಬರೆದ ಗೋಡೆಗಳನ್ನು ತಪಾಸಣೆ ಮಾಡಲು ಬಂದಿದ್ದರು. ಅವನ ಮೇಲಿನವರು ಈಗ ಇವರೇ.

“ಓಹೋ, ಪೇಪರ್ನೋರು” ಎಂದರು. “ಇಲ್ಲೂ ಬೆಲ್ಲದ ಸಂತೆ ಐತೇನ್ರಿ?”

“ಸಂಬಂಧಿಕರ ಮನೆಗೆ ಬಂದಿದ್ದೆ” ಎಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ತಿರುಗಿ ಅವನನ್ನು ನೋಡಿದರು. ಮತ್ತೆ ನನ್ನನ್ನು. ಎಂಟೊಂಬತ್ತು ವರ್ಷ ಒಂದು ಲೆಕ್ಕ ಬಿಡಿಸದೆ ಇಟ್ಟುಕೊಂಡವರ ನೋಟ.

ಅವನು ಆ ಮನೆಯ ಬಾಗಿಲಲ್ಲಿ ಕೇಳಿದ. ಪಕ್ಕದ ಮನೆಯಲ್ಲಿ ಕೇಳಿದ. ಆಮೇಲೆ ರಸ್ತೆ ದಾಟಿ ಚಹಾದಂಗಡಿಗೆ ಬಂದ. ಊರಲ್ಲಿ ಕಂಡ ಎಲ್ಲರನ್ನೂ ಕೇಳುವುದು ನಿಯಮ. ಬೆಂಚಿನ ಆ ತುದಿಯಿಂದ ಒಬ್ಬೊಬ್ಬರನ್ನೇ ಕೇಳುತ್ತಾ ನನ್ನ ಮುಂದೆ ನಿಂತ. ಕೈಯಲ್ಲಿ ಪೆನ್ಸಿಲ್, ಹೆಗಲಲ್ಲಿ ಪೆಟ್ಟಿಗೆ.

“ನಿಮಗೇನಾದ್ರೂ ಜ್ವರ ಐತೇನ್ರಿ?”

ಅವನೇ ಮೊದಲು ಮಾತಾಡಿದ್ದ. ಅವನೇ ಬಂದಿದ್ದ. ‘ಐತೆ’ ಎಂದರೆ ಸಾಕಿತ್ತು. ಬೆರಳು ಹಿಡಿಯುತ್ತಿದ್ದ, ತಲೆ ಬಗ್ಗಿಸುತ್ತಿದ್ದ, ಹಿಸುಕುವಷ್ಟು ಹೊತ್ತು ನಮ್ಮದಾಗುತ್ತಿತ್ತು. ಅವನ ಹೆಗಲಾಚೆ ಮೇಲ್ವಿಚಾರಕರು ಸೈಕಲ್ ಹಿಡಿದು ನಮ್ಮಿಬ್ಬರ ಮುಖಗಳನ್ನು ನೋಡುತ್ತಿದ್ದರು.

“ಇಲ್ಲ” ಎಂದೆ.

“ಇಲ್ದಿದ್ರೆ ಒಳ್ಳೇದು ಬಿಡ್ರಿ.”

ಅಷ್ಟೇ. ಅವನ ದನಿಯಲ್ಲಿ ಏನಾದರೂ ಇತ್ತೇ ಎಂದು ನನ್ನನ್ನು ಕೇಳಬೇಡಿ. ಕೆಲವು ದಿನ ಇತ್ತು ಎನಿಸುತ್ತದೆ, ಕೆಲವು ದಿನ ಏನೂ ಇರಲಿಲ್ಲ, ನನ್ನ ಪಕ್ಕದವನನ್ನು ಕೇಳಿದ ದನಿಯೇ. ಅವನು ರಸ್ತೆ ದಾಟಿ ಹೋಗಿ ಗೋಡೆಯ ಮೇಲೆ ಬರೆದ. ಮೇಲ್ವಿಚಾರಕರು ಅದರ ಕೆಳಗೆ ತಮ್ಮ ಸಹಿ ಹಾಕಿದರು. ಎರಡು ಸೈಕಲ್ಲುಗಳೂ ಬೀದಿಯ ತಿರುವಿನವರೆಗೆ ಕಂಡವು. ಅವನು ತಿರುಗಿ ನೋಡಲಿಲ್ಲ, ನೋಡಬಾರದಿತ್ತು.

ಆಮೇಲೆ ನಾನು ಎದ್ದು ಆ ಗೋಡೆಯ ಹತ್ತಿರ ಹೋದೆ. ಮನೆಯಾಕೆ ಬಾಗಿಲಲ್ಲೇ ಕಾಳು ಕೇರುತ್ತಿದ್ದಳು. ಗುರುತು ಹಿಡಿದಳು.

“ಮೊನ್ನೆನೂ ಓದ್ತಿದ್ರಿ. ಇದರಾಗೆ ಏನೈತ್ರೀ ಅಂಥಾದ್ದು?”

“ತಾರೀಖು” ಎಂದೆ.

ನೀಲಿ. ಹೊಸ ಮೊನೆ. ನನ್ನ ಕೈಯಲ್ಲಿದ್ದ ಪೇಪರಿನ ನೆತ್ತಿಯ ಮೇಲಿದ್ದ ತಾರೀಖೂ ಅದೂ ಒಂದೇ. ನನಗಾಗಿ ಒಂದು ಚುಕ್ಕೆ, ಒಂದು ಗೆರೆ ಹೆಚ್ಚಿಗೆ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇಲ್ಲದ್ದನ್ನು ಬರೆಯುವುದನ್ನು ಅವನು ಎಂದೋ ಬಿಟ್ಟಿದ್ದ.